ಬಂಡೆ ಮತ್ತು ಗೋಡೆಯ ಸ್ಕೆಚ್ ಪುಸ್ತಕ: ಮೊನ್ಸಾಂತೊದಲ್ಲಿ ಹನ್ನೆರಡರಲ್ಲಿ ಏಳು

ಹೊಸಪೇಟೆಯಲ್ಲಿ ಬೆಳೆದ ನನಗೆ ಹಂಪಿಯ ಬಂಡೆಗಳ ಚಿತ್ರ ಬಿಡಿಸುವುದು ಆರು ವರ್ಷಗಳ ಹವ್ಯಾಸ. ಅದರಲ್ಲೂ ನನ್ನನ್ನು ಹಿಡಿದಿಟ್ಟಿರುವುದು ಒಂದು ಗೆರೆ. ಮನುಷ್ಯ ಕಟ್ಟಿದ ಗೋಡೆ ಮುಗಿದು ಬಂಡೆ ಶುರುವಾಗುವ ಜಾಗದ ಗೆರೆ. ವಿಜಯನಗರದ ಕೋಟೆಗೋಡೆಗಳು ಬಂಡೆಯ ಹೆಗಲೇರಿ ಹೋಗುವ ಕಡೆಗಳಲ್ಲೆಲ್ಲ ಅದು ಸಿಗುತ್ತದೆ. ಇದಕ್ಕಾಗಿಯೇ ಒಂದು ಪುಸ್ತಕ ಹೊಲಿಸಿಕೊಂಡಿದ್ದೇನೆ. ಅದರ ಮೊದಲ ಅರ್ಧ ಹಂಪಿಯಲ್ಲಿ ತುಂಬಿತು. ಉಳಿದ ಹನ್ನೆರಡು ಹಾಳೆಗಳನ್ನು ಈ ಅಕ್ಟೋಬರ್ ರಜೆಯಲ್ಲಿ ಪೋರ್ಚುಗಲ್‌ಗೆ ಒಯ್ದೆ.

ಕಾರಣ ಲಿಸ್ಬನ್‌ನಲ್ಲಿ ಕೆಲಸಕ್ಕಿರುವ ಗೆಳತಿ. ಕಾಲೇಜಿನ ನಾವು ನಾಲ್ವರೂ ಸೇರೋಣ ಎಂದವಳು ಅವಳು. ಒಂದು ಫೋಟೊ ಕಳಿಸಿ, 'ಇದು ಆನೆಗೊಂದಿಯೋ ಹೇಳು' ಎಂದಿದ್ದಳು. ಅದು ಮೊನ್ಸಾಂತೊ. ಸ್ಪೇನ್ ಗಡಿಯ ಹತ್ತಿರ, ಇದಾನ್ಯಾ-ಆ-ನೋವಾ ತಾಲ್ಲೂಕಿಗೆ ಸೇರಿದ ಗುಡ್ಡದ ಮೇಲಿನ ಹಳ್ಳಿ. ಹತ್ತಿ ಬೆಳೆಯುವ ನಮ್ಮ ಕಡೆಯವರಿಗೆ ಹೆಸರು ಕೇಳಿದೊಡನೆ ಬೀಜದ ಕಂಪನಿ ನೆನಪಾಗುತ್ತದೆ. ಅದಕ್ಕೂ ಈ ಊರಿಗೂ ಸಂಬಂಧವಿಲ್ಲ.

ಮೊದಲ ದಿನ

ಲಿಸ್ಬನ್‌ನಿಂದ ಕಾಸ್ತೆಲೊ ಬ್ರಾಂಕೊವರೆಗೆ ರೈಲು. ಬಲಗಡೆಯ ಕಿಟಕಿ ಹಿಡಿಯಬೇಕು. ಹಳಿ ಬಹಳ ದೂರ ತೇಜೊ ನದಿಯ ಅಂಚಿನಲ್ಲೇ ಸಾಗುತ್ತದೆ. ಅಲ್ಲಿಂದ ಬಾಡಿಗೆ ಕಾರು, ಸುಮಾರು 50 ಕಿಲೋಮೀಟರ್. ಕಾರ್ಕ್ ಮರಗಳ ಬಯಲಿನ ನಡುವೆ ಒಂಟಿ ಗುಡ್ಡವೊಂದು ಎದ್ದು ನಿಂತಿತು. ಅದರ ಎತ್ತರ 758 ಮೀಟರ್. ಮನೆಗಳು ಮೊದಲು ಕಾಣಲೇ ಇಲ್ಲ. ಮನೆಯೂ ಬಂಡೆಯೂ ಒಂದೇ ಬೂದುಬಣ್ಣ.

ನಾವು ಉಳಿಯಲಿದ್ದ ಮನೆಯ ಅಜ್ಜಿ ಅಂಗೈ ಉದ್ದದ ಕಬ್ಬಿಣದ ಕೀಲಿಕೈ ಕೊಟ್ಟು 'ಶಾವ್' ಎಂದರು. ಅದನ್ನು ಬರೆಯುವುದು 'ಚಾವೆ' ಎಂದು ಓದುವ ಹಾಗೆ. ನಮ್ಮ ಮನೆಯಲ್ಲಿ ಇವತ್ತಿಗೂ ಚಾವಿ ಎಂದೇ ಹೇಳುತ್ತೇವೆ. ಐದು ಶತಮಾನಗಳ ಹಿಂದೆ ಹಡಗಿನಲ್ಲಿ ಬಂದ ಪದ ಅದರ ತವರಿನ ಬಾಗಿಲಲ್ಲೇ ನನ್ನ ಕೈಗೆ ಬಿತ್ತು. ಆ ಸಂಜೆ ಚಿತ್ರ ಬಿಡಿಸಲಿಲ್ಲ, ಊರು ಸುತ್ತಿದೆವು.

ಎರಡನೆಯ ದಿನ: ಚಿತ್ರ 1, 2, 3

ಮನೆಯ ಅಡುಗೆಕೋಣೆಯ ಹಿಂಗೋಡೆ ಇಡಿಯಾಗಿ ಒಂದೇ ಬಂಡೆ. ಕೈಯೆಟಕುವಷ್ಟು ಎತ್ತರಕ್ಕೆ ಸುಣ್ಣ, ಅದರ ಮೇಲೆ ಹಳೆಯ ಒಲೆಯ ಮಸಿ. ಬೆಳಗಿನ ಕಾಫಿಗೆ ಮೊದಲೇ ಅದರೆದುರು ಕುಳಿತೆ.

ಬಲಗಡೆಯ ಕಲ್ಲುಗೋಡೆ ಬಂದು ಈ ಬಂಡೆಗೆ ಕೂಡುವ ಸಂದನ್ನು ಒಂದು ಗಂಟೆ ನೋಡಿರಬೇಕು. ಕಟ್ಟಿದವನು ಬಂಡೆಗೆ ಉಳಿ ತಾಗಿಸಿಯೇ ಇಲ್ಲ. ಬಂಡೆಯ ಹೊಟ್ಟೆ ಎಲ್ಲಿ ಉಬ್ಬಿದೆಯೋ ಅಲ್ಲಿ ತನ್ನ ಕಲ್ಲಿನ ಮೂಲೆ ಒಡೆದು ಒಳಬಾಗಿಸಿದ್ದಾನೆ. ಅದು ಹಿಂದೆ ಸರಿದಲ್ಲಿ ಉದ್ದ ಕಲ್ಲು ಇಟ್ಟಿದ್ದಾನೆ. ನಡುವೆ ಉಳಿದ ಸಂದಿಗೆ ಬೆರಳು ಗಾತ್ರದ ಚಕ್ಕೆಗಳನ್ನು ಒಂದೊಂದಾಗಿ ಬಿಗಿದಿದ್ದಾನೆ. ಕೆಳಗಿನಿಂದ ನಾಲ್ಕನೆಯ ವರಸೆಯಲ್ಲಿ ಒಂದು ಚಕ್ಕೆ ಹಂಚಿನ ಚೂರು. ಕಲ್ಲು ಸಾಲದೇ ಹೋಯಿತೋ, ಆ ಅಳತೆಗೆ ಅದೇ ಸರಿಹೋಯಿತೋ. ನನ್ನ ಚಿತ್ರದಲ್ಲಿ ಬಣ್ಣವಿರುವುದು ಆ ಚೂರಿಗೆ ಮಾತ್ರ.

ಇಲ್ಲಿ ನನ್ನ ಕ್ರಮ ಬದಲಾಯಿತು. ಹಂಪಿಯಲ್ಲಿ ಬಂಡೆಯ ಹೊರರೇಖೆ ಎಳೆದು, ಆಮೇಲೆ ಗೋಡೆ ಸೇರಿಸುತ್ತಿದ್ದೆ. ಇಲ್ಲಿ ಹಾಗೆ ಎಳೆದ ಮೊದಲ ಕರಡಿನಲ್ಲಿ ಗೋಡೆ ಬಂಡೆಗೆ ಅಂಟಿಸಿದ ಕಾಗದದಂತೆ ಕಂಡಿತು. ಎರಡನೆಯ ಸಲ ಸಂದಿನಿಂದಲೇ ಆರಂಭಿಸಿ ಎಡಕ್ಕೆ ಬಂಡೆ, ಬಲಕ್ಕೆ ಗೋಡೆ ಎಂದು ಹೊರಗೆ ಬೆಳೆಸುತ್ತಾ ಹೋದೆ. ಭಾರ ಬಂದು ಕುಳಿತಿತು. ಆರು ವರ್ಷ ಹುಡುಕಿದ್ದು ಇದನ್ನೇ ಎಂದು ಅನಿಸಿತು.

ಮಧ್ಯಾಹ್ನ 'ಒಂದೇ ಹಂಚಿನ ಮನೆ' ಎಂದು ಕರೆಯುವ ಮನೆಗೆ ಹೋದೆವು. ಇಡೀ ಸೂರು ಒಂದೇ ಬಂಡೆ. ಅದನ್ನು ಎರಡು ಹಾಳೆಗಳಲ್ಲಿ ಮುಗಿಸಿದೆ. ಎರಡನೆಯದು ಚೆನ್ನಾಗಿದೆ.

ಮೂರನೆಯ ದಿನ: ಚಿತ್ರ 4

ಮಳೆ. ಒದ್ದೆಯಾದ ಗ್ರಾನೈಟ್ ಕಪ್ಪಾಗಿ, ಅದರ ಮೇಲಿನ ಕಲ್ಲುಹೂವು ಹಳದಿಹಸಿರಾಗಿ ಹೊಳೆಯುತ್ತದೆ. ಹಂಪಿಗೆ ಧಾರಾಳವಾಗಿ ಬಳಸುವ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಇಲ್ಲಿ ತಾನಾಗಿ ನಿಲ್ಲಲಿಲ್ಲ. ಅಲ್ಟ್ರಾಮರೀನ್ ನೀಲಿಯನ್ನು ಹೆಚ್ಚು ಬೆರೆಸಿದಾಗ ಈ ಊರಿನ ಬೂದು ಸಿಕ್ಕಿತು. ಒಂದು ಬಿಡಿ ಹಾಳೆಗೆ ಹನಿ ಬಿದ್ದು ಬಣ್ಣ ಹರಿಯಿತು. ಹಾಗೇ ಇಟ್ಟುಕೊಂಡಿದ್ದೇನೆ, ಆದರೆ ಲೆಕ್ಕಕ್ಕೆ ಸೇರಿಸಿಲ್ಲ.

ಮಳೆಗೆ ನಿಂತಿದ್ದು ಬಟ್ಟೆಗೊಂಬೆ ಮಾರುವ ಹೆಂಗಸೊಬ್ಬರ ಜಗಲಿಯಲ್ಲಿ. ಮರಫೋನಾ ಎಂಬ ಈ ಗೊಂಬೆಗೆ ಮರದ ಶಿಲುಬೆಯೇ ಎಲುಬು. ಕಣ್ಣಿಲ್ಲ, ಬಾಯಿಲ್ಲ. ಮದುವೆಯ ರಾತ್ರಿ ಮಂಚದ ಕೆಳಗೆ ಇಡುತ್ತಿದ್ದರಂತೆ. ಸಿಡಿಲಿನಿಂದಲೂ ಕಾಯುತ್ತದೆ ಎಂಬ ನಂಬಿಕೆ. ಮೇ ತಿಂಗಳ ಶಿಲುಬೆ ಹಬ್ಬದ ವಿಷಯವನ್ನೂ ಅವರೇ ಹೇಳಿದರು, ಗೆಳತಿ ಕನ್ನಡಕ್ಕೆ ತಂದಳು. ಹಿಂದೆ ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದಾಗ ಊರಿನವರು ಉಳಿದಿದ್ದ ಕೊನೆಯ ಗೋಧಿಯನ್ನು ಒಂದು ಕರುವಿಗೆ ತಿನ್ನಿಸಿ, ಅದನ್ನು ಗೋಡೆಯಿಂದ ಕೆಳಗೆ ಎಸೆದರಂತೆ. ಒಳಗೆ ಇನ್ನೂ ಇಷ್ಟೊಂದು ಧಾನ್ಯವಿದೆ ಎಂದು ನಂಬಿ ಶತ್ರುಗಳು ಮರಳಿದರಂತೆ. ಈಗ ಹೆಂಗಸರು ಹೂ ತುಂಬಿದ ಮಡಕೆಗಳನ್ನು ಕೋಟೆಯಿಂದ ಎಸೆಯುತ್ತಾರೆ. ಮಾತು ಮುಗಿಸಿ ಅವರು ಗೋಡೆಯಿಂದ ಅದೂಫೆ ಇಳಿಸಿ ಬಾರಿಸಿ ತೋರಿಸಿದರು. ಅದು ಚೌಕಾಕಾರದ ಚರ್ಮವಾದ್ಯ, ಈ ಸೀಮೆಯಲ್ಲಿ ಹೆಂಗಸರ ವಾದ್ಯ. ಎರಡೂ ಕೈಯ ಹೆಬ್ಬೆರಳುಗಳಲ್ಲಿ ಹಿಡಿದು, ಉಳಿದ ಬೆರಳುಗಳಿಂದ ಬಡಿಯುತ್ತಾರೆ. ನಾಲ್ಕನೆಯ ಚಿತ್ರ ಆ ಜಗಲಿಯದು.

ನಾಲ್ಕನೆಯ ದಿನ: ಚಿತ್ರ 5, 6, 7

ಆಕಾಶ ತಿಳಿಯಾಯಿತು. ಕೋಟೆಗೆ ಹತ್ತಿದೆವು. ದೊರೆ ಅಫೊನ್ಸೊ ಹೆನ್ರಿಕ್ಸ್ 1165ರಲ್ಲಿ ಈ ಗುಡ್ಡವನ್ನು ಟೆಂಪ್ಲರ್ ಎಂಬ ಕ್ರೈಸ್ತ ಯೋಧ-ಸನ್ಯಾಸಿಗಳ ಪಂಥಕ್ಕೆ ಕೊಟ್ಟ. ಕೋಟೆ ಕಟ್ಟಿಸಿದವನು ಅವರ ಮುಖ್ಯಸ್ಥ ಗುವಾಲ್ದಿಂ ಪಾಯಿಸ್. ಗೋಡೆ ಬಂಡೆಯಿಂದ ಬಂಡೆಗೆ ದಾಟುವ ರೀತಿ ಹಂಪಿಯದೇ. ಬಯಲಿನಾಚೆ ಸ್ಪೇನ್. ಕೋಟೆಯ ಪಕ್ಕದಲ್ಲೇ ಸೂರಿಲ್ಲದ ಸಂತ ಮಿಗೆಲ್ ಗುಡಿ, ಸುತ್ತಲಿನ ಬಂಡೆಯಲ್ಲಿ ಮನುಷ್ಯಾಕಾರಕ್ಕೆ ಕೊರೆದ ಸಮಾಧಿಗಳು. ಮಳೆನೀರು ತುಂಬಿದ್ದ ಒಂದು ಸಮಾಧಿಯ ಬಳಿ ಬಹಳ ಹೊತ್ತು ಕುಳಿತೆ. ಚಿತ್ರ 6 ಅದು. ಅಲ್ಲಿ ಗೋಡೆಯಿಲ್ಲ, ಆದರೂ ಪುಸ್ತಕಕ್ಕೆ ಸೇರಿದೆ.

ಭೂವಿಜ್ಞಾನ ಕಲಿಸುವ ಗೆಳೆಯ ಇಲ್ಲಿ ಮಾತಿಗೆ ಶುರುವಿಟ್ಟ. ಹಂಪಿಯ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ, ಇಲ್ಲಿಯದಕ್ಕೆ ಸುಮಾರು 30 ಕೋಟಿ. ವಯಸ್ಸು ಬೇರೆಯಾದರೂ ಬಂಡೆಗಳಾದ ಬಗೆ ಒಂದೇ. ನೆಲದಾಳದಲ್ಲೇ ಕಲ್ಲು ಬಿರುಕು ಬಿಡುತ್ತದೆ, ಬಿರುಕಿಗೆ ನೀರಿಳಿದು ಮೂಲೆಗಳು ಕೊಳೆತು ಗರಸಾಗುತ್ತವೆ, ಗರಸು ಕೊಚ್ಚಿಹೋದ ಮೇಲೆ ಗಟ್ಟಿ ತಿರುಳು ಗುಂಡಾಗಿ ಹೊರಬೀಳುತ್ತದೆ. ಯಾರೂ ಒಂದರ ಮೇಲೊಂದು ಪೇರಿಸಿದ್ದಲ್ಲ, ಇದ್ದಲ್ಲೇ ಉಳಿದವು.

ಆಗ ನನಗೆ ಡೊಮಿಂಗೊ ಪಾಯಸ್ ನೆನಪಾದ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲಕ್ಕೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ ಅವನು. ನಮ್ಮ ಬಂಡೆಗುಡ್ಡಗಳನ್ನು ಕಂಡು ಬೆರಗಾಗಿ ಬರೆದವನು. ಅವನ ನಾಡಿನಲ್ಲೇ ಇಂಥ ಗುಡ್ಡವಿದೆ. ಅವನು ಇದನ್ನು ನೋಡಿರದಿದ್ದರೆ ಆ ಬೆರಗು ನನಗೆ ಅರ್ಥವಾಗುತ್ತದೆ.

ಇಳಿಯುವಾಗ 'ಪೆನೆದುಸ್ ಜುಂತುಸ್' ದಾರಿ ಹಿಡಿದೆವು. ಕೂಡಿಕೊಂಡ ಬಂಡೆಗಳು ಎಂದು ಅರ್ಥ. ಎರಡು ದೊಡ್ಡ ಬಂಡೆಗಳು ತಲೆಗೆ ತಲೆ ಆನಿಸಿ ನಿಂತಿವೆ, ಕೆಳಗೆ ಜನ ನಡೆದುಹೋಗುತ್ತಾರೆ. ಕಮಲಾಪುರ ರಸ್ತೆಯ ಅಕ್ಕ-ತಂಗಿ ಗುಡ್ಡವನ್ನು ನೋಡಿ ಬೆಳೆದವಳಿಗೆ ಎದೆ ತುಂಬಿ ಬಂತು. ಅಲ್ಲಿ ಒಂದು ಭಾಗ ಒಡೆದು ಬಿದ್ದಿದೆ. ಅದು ಇಡಿಯಾಗಿದ್ದಾಗ ನಾನು ಒಂದೂ ಚಿತ್ರ ಬಿಡಿಸಿರಲಿಲ್ಲ. ಇಲ್ಲಿ ಕತ್ತಲಾಗುವವರೆಗೂ ಎದ್ದೇಳಲಿಲ್ಲ. ಗೆಳೆಯರು ಚೀಸ್, ಬ್ರೆಡ್ ತಂದು ಪಕ್ಕದಲ್ಲೇ ಕುಳಿತರು.

ಐದನೆಯ ದಿನ

ಹೊರಡುವ ಮೊದಲು ಗಡಿಯಾರದ ಗೋಪುರದ ಬಳಿ ನಿಂತೆವು. ತುದಿಯಲ್ಲಿ ಕೋಳಿಹುಂಜ. 1938ರ ಸರ್ಕಾರಿ ಸ್ಪರ್ಧೆಯಲ್ಲಿ 'ಅತ್ಯಂತ ಪೋರ್ಚುಗೀಸ್ ಹಳ್ಳಿ' ಎಂದು ಗೆದ್ದಾಗ ಊರಿಗೆ ಬಂದ ಬೆಳ್ಳಿ ಹುಂಜದ ಪ್ರತಿರೂಪ ಅದು. ಆ ಬಿರುದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅಡುಗೆಕೋಣೆಯ ಆ ಹಂಚಿನ ಚೂರು ಊರಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುತ್ತದೆ.

ಏಳು ಮುಗಿದಿವೆ, ಐದು ಹಾಳೆ ಖಾಲಿ. ಅವನ್ನು ಫೋಟೊ ನೋಡಿಕೊಂಡು ತುಂಬಿಸುವುದಿಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಎಂಟನೆಯದಕ್ಕೆ ಅಕ್ಕ-ತಂಗಿ ಗುಡ್ಡದೆದುರು ಕೂರುತ್ತೇನೆ. ಈ ಸಲ ಎರಡು ಬಂಡೆಗಳು ಕೂಡುವ ಸಂದಿನಿಂದಲೇ ಆರಂಭ. ಅಲ್ಟ್ರಾಮರೀನ್ ಟ್ಯೂಬ್ ಮುಗಿಯುತ್ತಾ ಬಂದಿದೆ, ಹೊಸದು ತರಬೇಕು.