ಮುಖ ಮುಚ್ಚಿದವರ ನಟನೆ

ತಂಗಿಗೆ ಕಾಲೇಜು ನಾಟಕದಲ್ಲಿ ರಾಕ್ಷಸಿಯ ಪಾತ್ರ ಸಿಕ್ಕಿತ್ತು. ಮುಖದ ತುಂಬಾ ಬಣ್ಣ, ಅದರ ಮೇಲೆ ಅರ್ಧ ಮುಖವಾಡ ಬೇರೆ. "ಮುಖನೇ ಕಾಣಲ್ಲ ಅಂದ್ಮೇಲೆ ಏನನ್ನ ನಟಿಸ್ಲಿ ಅಣ್ಣಾ?" ಅಂತ ವಾರವಿಡೀ ಪೇಚಾಡಿದಳು. ಭಾನುವಾರ ಮಧ್ಯಾಹ್ನ ಅವಳನ್ನು ಕೂರಿಸಿಕೊಂಡು 'ವ್ಯಾನ್ ಹೆಲ್ಸಿಂಗ್' ಹಾಕಿದೆ. 2004ರ ಸಿನಿಮಾ, ಸ್ಟೀಫನ್ ಸಾಮರ್ಸ್ ನಿರ್ದೇಶನ. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್‌ನ ಜೀವಿ, ತೋಳಮನುಷ್ಯ, ಡಾ. ಜೆಕಿಲ್‌ನ ರಾಕ್ಷಸ ರೂಪವಾದ ಹೈಡ್ ಎಲ್ಲರೂ ಒಂದೇ ಕಥೆಯಲ್ಲಿ ಬರುತ್ತಾರೆ. ಕಥೆ ಬಿಡು, ಇವತ್ತು ಬರೀ ನಟರನ್ನು ನೋಡೋಣ ಅಂದೆ.

ಶುರುವಿನ ಭಾಗ ಕಪ್ಪು-ಬಿಳುಪು. 1930ರ ದಶಕದ ಹಳೇ ಭೂತದ ಸಿನಿಮಾಗಳಿಗೆ ಸಲ್ಲಿಸಿದ ಗೌರವ ಅದು. ಊರವರು ಪಂಜು ಹಿಡಿದು ಕೋಟೆಗೆ ನುಗ್ಗುತ್ತಾರೆ. ಒಳಗೆ ಡ್ರಾಕುಲಾ ವಿಜ್ಞಾನಿ ವಿಕ್ಟರ್ ಫ್ರಾಂಕೆನ್‌ಸ್ಟೈನ್‌ನನ್ನು ಕೊಲ್ಲುತ್ತಾನೆ. ಆ ದೈತ್ಯ ಜೀವಿ ತನ್ನನ್ನು ಹುಟ್ಟಿಸಿದವನ ಹೆಣ ಎತ್ತಿಕೊಂಡು ಗಾಳಿಗಿರಣಿಯತ್ತ ಓಡುತ್ತದೆ. ತಂಗಿ ಅಲ್ಲೇ ನಿಲ್ಲಿಸು ಅಂದಳು. "ಹೆಣವನ್ನ ಹಿಡ್ಕೊಂಡಿರೋ ರೀತಿ ನೋಡು." ನೋಡಿದೆ. ಅಷ್ಟು ದೊಡ್ಡ ಕೈಗಳು, ಆದರೆ ಹಿಡಿತದಲ್ಲಿ ಒರಟುತನವೇ ಇಲ್ಲ. ಅಪ್ಪನಿಗೆ ನೋವಾದೀತು ಅನ್ನುವ ಹಾಗೆ ಹಿಡಿದಿದ್ದಾನೆ.

ಆ ಪಾತ್ರ ಮಾಡಿದವನು ಶೂಲರ್ ಹೆನ್ಸ್ಲಿ. ರಂಗಭೂಮಿಯ ಕಲಾವಿದ, ಹಾಡುಗಾರ ಕೂಡ. ನ್ಯೂಯಾರ್ಕ್‌ನ ರಂಗಭೂಮಿ ಬ್ರಾಡ್‌ವೇಯಲ್ಲಿ 'ಒಕ್ಲಹೋಮಾ!' ಸಂಗೀತ ನಾಟಕದ ಜಡ್ ಫ್ರೈ ಪಾತ್ರಕ್ಕೆ 2002ರಲ್ಲಿ, ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಪಡೆದವನು. ಈ ಸಿನಿಮಾದಲ್ಲಿ ಅವನ ತಲೆಯಲ್ಲೂ ಎದೆಯಲ್ಲೂ ಹಸಿರು ಬೆಳಕು ಹೊಳೆಯುತ್ತದೆ. ಮುಖದ ಮೇಲೆ ಹೊಲಿಗೆ ಹಾಕಿದ ಚರ್ಮ. ಅವನದೇ ಅಂತ ಉಳಿದದ್ದು ಕಣ್ಣು, ಬಾಯಿ, ದನಿ ಅಷ್ಟೇ. ಅಷ್ಟು ಸಾಕಾಯ್ತು ಅವನಿಗೆ. ಸೆರೆ ಸಿಕ್ಕಾಗ ನಿನಗೇನು ಬೇಕು ಅಂತ ಕೇಳಿದರೆ, ಇರಬೇಕು ಅನ್ನುತ್ತಾನೆ. ಆ ಮಾತನ್ನು ಅವನು ಬೇಡಿಕೊಳ್ಳುವ ದನಿಯಲ್ಲಿ ಹೇಳುವುದಿಲ್ಲ. ಇದನ್ನೂ ಕೇಳಬೇಕಾ ಅನ್ನುವ ಸುಸ್ತು ಅದರಲ್ಲಿದೆ. ಇಡೀ ಚಿತ್ರದಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಮನುಷ್ಯನಾಗಿ ಕಂಡವನು ಇವನೇ.

ಡ್ರಾಕುಲಾ ಇದಕ್ಕೆ ಪೂರ್ತಿ ಉಲ್ಟಾ. ಆಸ್ಟ್ರೇಲಿಯಾದ ರಿಚರ್ಡ್ ರಾಕ್ಸ್‌ಬರ್ಗ್‌ಗೆ ಮುಖ ಪೂರ್ತಿ ತೆರೆದೇ ಇದೆ. ಹಿಂದಕ್ಕೆ ಬಾಚಿದ ಕೂದಲು, ಕಪ್ಪು ಉಡುಪು, ಕಿವಿಗೆ ಓಲೆ. ಅವನು ಮಾತಾಡುವುದೇ ಕೊನೇ ಸಾಲಿನ ಪ್ರೇಕ್ಷಕನಿಗೂ ಮುಟ್ಟಬೇಕು ಅನ್ನುವ ಹಾಗೆ. ಇದನ್ನು ಅತಿ ಅಂದವರು ತುಂಬಾ ಜನ. ನಾನು ಒಪ್ಪುವುದಿಲ್ಲ. ಒಬ್ಬ ಹೆಂಡತಿ ಸತ್ತಾಗ ಗೋಡೆ ಹತ್ತಿ ತಲೆಕೆಳಗಾಗಿ ನಡೆಯುತ್ತಾ, ತನಗೆ ಹೃದಯವೇ ಇಲ್ಲ, ಪ್ರೀತಿಯೂ ಇಲ್ಲ ದುಃಖವೂ ಇಲ್ಲ ಅನ್ನುತ್ತಾನಲ್ಲ, ಆ ದೃಶ್ಯ ನೋಡಿ. ಮಾತು ಒಂದು ಹೇಳುತ್ತೆ, ದನಿ ಇನ್ನೊಂದು ಹೇಳುತ್ತೆ. ನೂರಾರು ವರ್ಷ ಸಾಯದೇ ಉಳಿದವನು ತನ್ನ ದುಃಖವನ್ನೂ ನಾಟಕ ಮಾಡಿಕೊಂಡು ಬದುಕುತ್ತಿದ್ದಾನೆ ಅನ್ನಿಸುತ್ತದೆ. ಮೆಲ್ಲಗೆ, ಸಹಜವಾಗಿ ನಟಿಸಿದ್ದರೆ ಆ ಕೋಟೆ, ಆ ಮಿಂಚು, ಆ ಸಂಗೀತದ ನಡುವೆ ಅವನು ಕಳೆದೇ ಹೋಗುತ್ತಿದ್ದ.

ಮುಖವಾಡದ ನೃತ್ಯದ ದೃಶ್ಯವನ್ನು ತಂಗಿ ಎರಡನೇ ಸಲ ಹಾಕಿಸಿಕೊಂಡಳು. ಕಥೆಯಲ್ಲಿ ಅದು ಬುಡಾಪೆಸ್ಟ್. ಚಿತ್ರೀಕರಣ ಆದದ್ದು ಪ್ರಾಗ್‌ನ ಸೇಂಟ್ ನಿಕೋಲಸ್ ಚರ್ಚಿನಲ್ಲಿ. ಡ್ರಾಕುಲಾ ತನ್ನನ್ನು ಕೊಲ್ಲಲು ಹೊರಟ ರಾಜಕುಮಾರಿ ಆನಾಳ ಜೊತೆ ಕುಣಿಯುತ್ತಾನೆ, ಕನ್ನಡಿಯಲ್ಲಿ ಕಾಣುವುದು ಅವಳೊಬ್ಬಳೇ. ಆನಾ ಪಾತ್ರದ ಕೇಟ್ ಬೆಕಿನ್‌ಸೇಲ್ ಅದರ ಹಿಂದಿನ ವರ್ಷವಷ್ಟೇ 'ಅಂಡರ್‌ವರ್ಲ್ಡ್'ನಲ್ಲಿ ತಾನೇ ರಕ್ತಪಿಶಾಚಿಯಾಗಿದ್ದಳು. ಇಲ್ಲಿ ಮೈಮೇಲೆ ಹಿಡಿತ ಇಲ್ಲದಂತೆ ಅವನ ತೋಳಿಗೆ ಒರಗುತ್ತಾಳೆ, ಆದರೆ ಕಣ್ಣು ಮಾತ್ರ ಒದ್ದಾಡುತ್ತಿದೆ. ಉಳಿದ ಕಡೆ ಅವಳ ಉಚ್ಚಾರಣೆ ಸ್ವಲ್ಪ ಭಾರವಾಯ್ತು ಅಂತ ನನಗನ್ನಿಸಿತು.

ಡ್ರಾಕುಲಾನ ಹೆಂಡತಿಯರಾಗಿ ಎಲೆನಾ ಅನಾಯಾ, ಸಿಲ್ವಿಯಾ ಕೊಲ್ಲೋಕಾ, ಜೋಸಿ ಮಾರನ್ ಇದ್ದಾರೆ. ಹಾರುವ ರೂಪದಲ್ಲಿ ಕಂಪ್ಯೂಟರ್ ಕೈಚಳಕ ಎಷ್ಟಿದ್ದರೂ, ನಗು, ಕಿರುಚಾಟ, ಹಸಿವು ಮಾತ್ರ ಅವರದೇ. ಅನಾಯಾ ನಗುವಾಗ ಅದರಲ್ಲಿ ನಿಜವಾದ ಖುಷಿ ಇದೆ, ಭಯ ಹುಟ್ಟಿಸೋದು ಅದೇ. ಡೇವಿಡ್ ವೆನ್‌ಹ್ಯಾಮ್ ಹೊಸ ಹೊಸ ಆಯುಧ ಕಂಡುಹಿಡಿಯುವ ಪಾದ್ರಿ ಕಾರ್ಲ್ ಆಗಿ ನಗಿಸುತ್ತಾನೆ. ಹೈಡ್‌ನ ದೇಹ ಪೂರ್ತಿ ಕಂಪ್ಯೂಟರಿನದು, ದನಿ ರಾಬಿ ಕೋಲ್ಟ್ರೇನ್‌ನದು.

ಆನಾಳ ಸಹೋದರ ವೆಲ್ಕನ್ ತೋಳವಾಗುವ ಹೊತ್ತಿಗೆ ತಂಗಿ ನೆಲಕ್ಕಿಳಿದು ಟಿವಿ ಹತ್ತಿರ ಕೂತಿದ್ದಳು. ಆ ಪಾತ್ರದ ವಿಲ್ ಕೆಂಪ್ ಮೂಲತಃ ಬ್ಯಾಲೆ ನರ್ತಕ. ತೋಳ ಇನ್ನೂ ಹೊರಬಂದಿರಲ್ಲ, ಅಷ್ಟರಲ್ಲೇ ಅವನ ಬೆನ್ನು, ಹೆಗಲು, ಕತ್ತು ಬೇರೆಬೇರೆ ದಿಕ್ಕಿಗೆ ಎಳೆಯುತ್ತಿರುತ್ತವೆ. ತಂಗಿ ಎದ್ದು ನಿಂತು ತನ್ನ ಹೆಗಲನ್ನೂ ಹಾಗೇ ತಿರುಗಿಸಿ ನೋಡಿದಳು. ನಾನು ಸುಮ್ನೆ ರಿಮೋಟ್ ಹಿಡಿದು ಕಾದೆ.

ವ್ಯಾನ್ ಹೆಲ್ಸಿಂಗ್ ಆಗಿರುವ ಹ್ಯೂ ಜಾಕ್‌ಮನ್ ಬಗ್ಗೆ ಹೇಳಲು ಕಡಿಮೆ ಇದೆ. ತಪ್ಪು ಅವನದಲ್ಲ. ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಕಾದಂಬರಿಯ ವ್ಯಾನ್ ಹೆಲ್ಸಿಂಗ್ ವಯಸ್ಸಾದ ಡಚ್ ಪ್ರೊಫೆಸರ್. ಇಲ್ಲಿ ಅವನು ನೆನಪು ಕಳಕೊಂಡ, ದೊಡ್ಡ ಟೋಪಿಯ ಬೇಟೆಗಾರ. ಓಡಬೇಕು, ಹಾರಬೇಕು, ಬಾಣ ಬಿಡಬೇಕು. ಮನಸ್ಸು ಬಿಚ್ಚಲು ಬರವಣಿಗೆ ಅವಕಾಶವನ್ನೇ ಕೊಟ್ಟಿಲ್ಲ. ಕೊನೆಯಲ್ಲಿ ಮಾತ್ರ, ತೋಳವಾಗಿದ್ದಾಗ ತನ್ನ ಕೈಯಿಂದಲೇ ಸತ್ತ ಆನಾಳನ್ನು ಹಿಡಿದು ಊಳಿಡುತ್ತಾನೆ. ಆ ಊಳು ನಿಧಾನಕ್ಕೆ ಮನುಷ್ಯನ ಕೂಗಾಗುತ್ತದೆ. ಅಷ್ಟು ಹೊತ್ತು ಅದುಮಿಟ್ಟಿದ್ದ ನಟನೆ ಅಲ್ಲಿ ಬಂತು.

ಸಿನಿಮಾ ಮುಗಿದ ಮೇಲೂ ಅವಳು ಏಳಲಿಲ್ಲ. ಹಳೇ ಜೀವಿಯನ್ನೂ ನೋಡೋಣ ಅಂದಳು. 1931ರ 'ಫ್ರಾಂಕೆನ್‌ಸ್ಟೈನ್' ಹಾಕಿದೆ. ಜೀವಿಯಾಗಿ ಬೋರಿಸ್ ಕಾರ್ಲಾಫ್, ಜ್ಯಾಕ್ ಪಿಯರ್ಸ್‌ನ ಮೇಕಪ್. ಅಲ್ಲಿ ಜೀವಿಗೆ ಮಾತೇ ಇಲ್ಲ, ಗುರುಗುಟ್ಟುವುದಷ್ಟೇ. ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಅದು ಚೆನ್ನಾಗಿಯೇ ಮಾತಾಡುತ್ತದೆ. ಕಾರ್ಲಾಫ್ ಕೈ ಚಾಚಿ ಬೆಳಕನ್ನು ಹಿಡಿಯಲು ಹೋಗುವುದನ್ನೂ, ಹೆನ್ಸ್ಲಿ ಮಾತಿನಲ್ಲೇ ತನ್ನ ಹಕ್ಕು ಕೇಳುವುದನ್ನೂ ಒಂದೇ ದಿನ ನೋಡಿದ್ದು ಒಳ್ಳೆಯದಾಯ್ತು. ಕಾದಂಬರಿಯ ಜೀವಿಗೆ ಹತ್ತಿರ ಇರುವವನು ಹೆನ್ಸ್ಲಿಯೇ ಅಂತ ನನ್ನ ವಾದ. ಕಾರ್ಲಾಫ್‌ಗೆ ಮಾತು ಬೇಕಾಗಲೇ ಇಲ್ಲ ಅಂತ ಅವಳದು. ಊಟದ ಹೊತ್ತಿನವರೆಗೂ ಇಬ್ಬರೂ ಬಿಟ್ಟುಕೊಡಲಿಲ್ಲ.

ಆ ಚಿತ್ರದ ಶುರುವಿನ ಪಾತ್ರಪಟ್ಟಿಯಲ್ಲಿ ಜೀವಿಯ ಎದುರು ನಟನ ಹೆಸರಿಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ತಂಗಿಗೆ ಸಿಟ್ಟೇ ಬಂತು. "ಇಷ್ಟೆಲ್ಲ ಮಾಡಿದವನ ಹೆಸರು ಹಾಕಲ್ವಾ?" ಕಾರ್ಲಾಫ್ ಹೆಸರು ಬರುವುದು ಕೊನೆಯ ಪಟ್ಟಿಯಲ್ಲಿ. ಅದು ಬರುವ ತನಕ ಟಿವಿ ಆಫ್ ಮಾಡಲು ಬಿಡಲಿಲ್ಲ.