ಕಸದ ಲಾರಿ ಹಿಂದೆ ನಿಂತಿದ್ದ ಉದ್ದನೆಯ ಹುಡುಗ

ಲ್ಯಾರಿ ಬರ್ಡ್ ಅಂದರೆ ಬಾಸ್ಕೆಟ್‌ಬಾಲ್ ನೋಡುವವರಿಗೆ ಬಾಸ್ಟನ್ ಸೆಲ್ಟಿಕ್ಸ್ ತಂಡ ನೆನಪಾಗುತ್ತದೆ. ಹಸಿರು ಜೆರ್ಸಿ, 33 ನಂಬರು. 1981, 1984 ಮತ್ತು 1986ರಲ್ಲಿ ಗೆದ್ದ ಮೂರು ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಪಟ್ಟ. 1984ರಿಂದ ಸತತ ಮೂರು ವರ್ಷ ಎಂವಿಪಿ, ಅಂದರೆ ಲೀಗಿನ ವರ್ಷದ ಶ್ರೇಷ್ಠ ಆಟಗಾರ. ಮೈಸೂರಿನಲ್ಲಿ ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ಆಡುತ್ತಿದ್ದಾಗ ನಮ್ಮ ಕೋಚ್ ಬಾಯಲ್ಲಿ ಬರುತ್ತಿದ್ದದ್ದು ಎರಡೇ ಹೆಸರು, ಮ್ಯಾಜಿಕ್ ಜಾನ್ಸನ್ ಮತ್ತು ಬರ್ಡ್. ಕೆಲಸ ಸಿಕ್ಕಿ ಇಂಡಿಯಾನಾದ ಕೊಲಂಬಸ್‌ಗೆ ಬಂದ ಮೇಲೆ ಇಲ್ಲಿನವರು ಹೇಳುವ ಬರ್ಡ್ ಬೇರೆಯೇ ಅಂತ ಗೊತ್ತಾಯಿತು. ಇವರಿಗೆ ಅವನು ಇಂದಿಗೂ ಫ್ರೆಂಚ್ ಲಿಕ್ ಊರಿನ ಹುಡುಗ.

ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಫ್ರೆಂಚ್ ಲಿಕ್ ಇರುವ ಆರೆಂಜ್ ಕೌಂಟಿಯಲ್ಲೇ ಬೆಳೆದವರು. ಹೈಸ್ಕೂಲಿನಲ್ಲಿ ಬರ್ಡ್‌ಗಿಂತ ಕೆಲವು ವರ್ಷ ಚಿಕ್ಕವರು. ಊಟದ ಹೊತ್ತಿಗೆ ಬಾಸ್ಕೆಟ್‌ಬಾಲ್ ಮಾತು ಬಂದರೆ ಸಾಕು, ಊಟ ಪಕ್ಕಕ್ಕಿಡುತ್ತಿದ್ದರು. "ಬಾಯಲ್ಲಿ ಹೇಳಿದರೆ ಆಗಲ್ಲ, ಒಂದು ದಿನ ಊರಿಗೇ ಬಾ" ಅಂದಿದ್ದರು. ಹೋದ ವರ್ಷ ಅಕ್ಟೋಬರಿನ ಒಂದು ಶನಿವಾರ ಅವರ ಜೊತೆ ಹೊರಟೆ.

ಸೀಮೋರ್ ದಾಟಿ, ಬೆಡ್‌ಫರ್ಡ್ ಮೇಲೆ ಹೋಗುವ ದಾರಿ. ಬೆಡ್‌ಫರ್ಡ್ ಸುತ್ತ ಸುಣ್ಣಕಲ್ಲಿನ ಕ್ವಾರಿಗಳು. ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಬಿಲ್ಡಿಂಗ್‌ಗೆ ಕಲ್ಲು ಹೋದದ್ದು ಈ ಸೀಮೆಯಿಂದಲೇ. ಅಲ್ಲಿಂದ 37ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ತಿರುಗಿದಾಗ ಅವರು ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಾ, "ಇದೇ ರಸ್ತೆ. ಬ್ಲೂಮಿಂಗ್ಟನ್ ಬಿಟ್ಟು ಲಿಫ್ಟ್ ಕೇಳಿಕೊಂಡು ಅವನು ಮನೆಗೆ ಬಂದದ್ದು ಇದರಲ್ಲೇ" ಅಂದರು.

ಆ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. 1974ರಲ್ಲಿ ಬರ್ಡ್ ಹೈಸ್ಕೂಲ್ ಮುಗಿಸಿದ. ಕೊನೆಯ ವರ್ಷ ಪಂದ್ಯಕ್ಕೆ ಸರಾಸರಿ 30ಕ್ಕೂ ಜಾಸ್ತಿ ಪಾಯಿಂಟ್, 20 ರೀಬೌಂಡ್ (ಗುರಿ ತಪ್ಪಿ ಪುಟಿದ ಬಾಲ್ ಹಿಡಿಯುವುದು). ಬ್ಲೂಮಿಂಗ್ಟನ್ನಿನಲ್ಲಿರುವ ಇಂಡಿಯಾನಾ ಯೂನಿವರ್ಸಿಟಿಯ ಕೋಚ್ ಬಾಬ್ ನೈಟ್ ಸ್ಕಾಲರ್‌ಶಿಪ್ ಕೊಟ್ಟು ಕರೆದರು. ಈ ರಾಜ್ಯದಲ್ಲಿ ಒಬ್ಬ ಹುಡುಗನಿಗೆ ಅದಕ್ಕಿಂತ ದೊಡ್ಡ ಭಾಗ್ಯ ಇರಲಿಲ್ಲ. ಬರ್ಡ್ ಹೋಗುವಾಗ ಜೇಬಿನಲ್ಲಿದ್ದದ್ದು 75 ಡಾಲರ್. ಬಟ್ಟೆಯೂ ನಾಲ್ಕೇ. ಊರಿನಲ್ಲಿ ಎರಡು ಸಾವಿರದ ಆಸುಪಾಸು ಜನ, ಕ್ಯಾಂಪಸ್ಸಿನಲ್ಲಿ ಮೂವತ್ತು ಸಾವಿರಕ್ಕೂ ಮೀರಿದ ವಿದ್ಯಾರ್ಥಿಗಳು. ಒಂದು ತಿಂಗಳು ತುಂಬುವ ಮೊದಲೇ, ಸೀಸನ್ ಶುರುವಾಗುವ ಮುಂಚೆಯೇ, ಯಾರಿಗೂ ಹೇಳದೆ ಹೊರಟುಬಂದ. ಊರು ಬಿಟ್ಟು ಹಾಸ್ಟೆಲ್ ಸೇರಿದ ಮೊದಲ ವಾರಗಳು ಹೇಗಿರುತ್ತವೆ ಅಂತ ಗೊತ್ತಿರುವ ಯಾರಿಗಾದರೂ ಈ ಕಥೆ ಅರ್ಥವಾಗುತ್ತದೆ, ಅಲ್ವಾ? ಎಲ್ಲರೂ ನಿನ್ನ ಮೇಲೆ ಆಸೆ ಇಟ್ಟಿರುವಾಗ ವಾಪಸ್ ಬರುವುದಕ್ಕೆ ಎಷ್ಟು ಧೈರ್ಯ ಬೇಕು!

ಫ್ರೆಂಚ್ ಲಿಕ್ ಮತ್ತು ವೆಸ್ಟ್ ಬೇಡನ್ ಒಂದಕ್ಕೊಂದು ಅಂಟಿಕೊಂಡ ಊರುಗಳು. ಖನಿಜ ನೀರಿನ ಬುಗ್ಗೆಗಳಿಂದ ಹೆಸರು ಮಾಡಿದವು. ಹಿಂದೆ ಶ್ರೀಮಂತರು ಆ ನೀರು ಕುಡಿದು ಆರೋಗ್ಯ ಸುಧಾರಿಸಿಕೊಳ್ಳಲು ರೈಲಿನಲ್ಲಿ ಬರುತ್ತಿದ್ದರಂತೆ. 1902ರಲ್ಲಿ ಕಟ್ಟಿದ ವೆಸ್ಟ್ ಬೇಡನ್ ಹೋಟೆಲಿನ ಗುಮ್ಮಟದ ಅಗಲ 200 ಅಡಿ. ನಡುವೆ ಒಂದು ಕಂಬವೂ ಇಲ್ಲ. ಅದರಡಿ ನಿಂತು ಕತ್ತೆತ್ತಿ ನೋಡಿದೆ. ಚೆಂದವೇ ಚೆಂದ. ಆದರೆ ನಾನು ಬಂದದ್ದು ಅದಕ್ಕಲ್ಲ.

ಬರ್ಡ್ ಹುಟ್ಟಿದ್ದು 1956ರ ಡಿಸೆಂಬರ್ 7ರಂದು, ಈ ಹೋಟೆಲಿನ ವೈಭವ ಮುಗಿದ ಎಷ್ಟೋ ವರ್ಷಗಳ ಮೇಲೆ. ಆರು ಮಕ್ಕಳ ಮನೆ. ಅಪ್ಪ ಜೋ ಕೊರಿಯಾ ಯುದ್ಧಕ್ಕೆ ಹೋಗಿ ಬಂದವರು, ಪಿಯಾನೊ ಫ್ಯಾಕ್ಟರಿಯಲ್ಲಿ ದುಡಿದವರು. ಅಮ್ಮ ಜಾರ್ಜಿಯಾ ಹೋಟೆಲು, ಫ್ಯಾಕ್ಟರಿ ಅಂತ ಸಿಕ್ಕ ಕೆಲಸ ಮಾಡಿ ಮನೆ ನಡೆಸಿದರು. ಬ್ಯಾಂಕಿನ ಕಂತು ಕಟ್ಟಬೇಕು, ಮಕ್ಕಳಿಗೆ ಶೂ ಬೇಕು ಅಂದರೆ ಅಮ್ಮ ಮೊದಲು ಶೂ ತರುತ್ತಿದ್ದಳು, ಬ್ಯಾಂಕಿನವರನ್ನು ಆಮೇಲೆ ನೋಡಿಕೊಳ್ಳುತ್ತಿದ್ದಳು ಅಂತ ಬರ್ಡ್ ಮುಂದೆ ಹೇಳಿದ್ದಾನೆ. ಅಮ್ಮನಿಗೆ ಕಷ್ಟವಾದಾಗ ಹುಡುಗ ಅಜ್ಜಿ ಲಿಜ್ಜಿ ಮನೆಯಲ್ಲಿರುತ್ತಿದ್ದ.

ಮಧ್ಯಾಹ್ನ ಒಂದು ಸಣ್ಣ ಹೋಟೆಲಿನಲ್ಲಿ ಕೂತೆವು. ಇವರ ಅಕ್ಕ ಬಂದರು, ಅಕ್ಕನ ಕ್ಲಾಸ್‌ಮೇಟ್ ಒಬ್ಬರೂ ಬಂದರು. ಕಾಫಿ ಬರುವ ಮೊದಲೇ ಮಾತು ಶುರು. ನಾನು ಸುಮ್ನೆ ಕೇಳುತ್ತಾ ಕೂತೆ. ಬಾಸ್ಟನ್ನಿನ ವಿಷಯ ಒಬ್ಬರೂ ಎತ್ತಲಿಲ್ಲ.

ಕ್ಲಾಸ್‌ಮೇಟ್ ಹೇಳಿದ್ದು ಮುರಿದ ಕಾಲಿನ ವರ್ಷದ ಬಗ್ಗೆ. ಸ್ಪ್ರಿಂಗ್ಸ್ ವ್ಯಾಲಿ ಹೈಸ್ಕೂಲಿನಲ್ಲಿ ಎರಡನೇ ವರ್ಷ ಬರ್ಡ್ ಕಾಲಿನ ಗೆಣ್ಣು ಮುರಿಯಿತು. ಸೀಸನ್ ಹೆಚ್ಚುಕಡಿಮೆ ಹೋದ ಹಾಗೆಯೇ. ಆದರೂ ಜಿಮ್ ಬಿಡಲಿಲ್ಲ. ಊರುಗೋಲಿಗೆ ಒರಗಿಕೊಂಡೇ ಬಾಲ್ ಎಸೆಯುತ್ತಿದ್ದ, ಪಾಸ್ ಕೊಡುವುದನ್ನು ಕಲಿಯುತ್ತಿದ್ದ. "ಓಡೋಕೆ ಆಗದೆ ಇದ್ದಾಗಲೇ ಅವನಿಗೆ ಕೋರ್ಟ್ ಕಾಣೋಕೆ ಶುರುವಾದದ್ದು" ಅಂದರು ಅವರು. ನನಗೆ ಇದು ಸರಿ ಅನ್ನಿಸಿತು. ಮುಂದೆ ಬರ್ಡ್ ಕೊಟ್ಟ ಪಾಸ್‌ಗಳನ್ನು ಹಳೆಯ ವಿಡಿಯೋಗಳಲ್ಲಿ ನೋಡಿ. ಬಾಲ್ ಕೈಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕು ಅಂತ ಅವನಿಗೆ ಗೊತ್ತಿರುತ್ತದೆ. ಓಟದಲ್ಲಿ, ಜಿಗಿತದಲ್ಲಿ ಅವನಿಗಿಂತ ಮುಂದಿದ್ದವರು ಎಷ್ಟೋ ಜನ.

ಆಮೇಲೆ ಫ್ರೀ ಥ್ರೋ ಕಥೆ. ಎದುರಾಳಿ ಫೌಲ್ ಮಾಡಿದಾಗ ಗೆರೆಯ ಹಿಂದೆ ನಿಂತು, ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಹಾಕುವ ಬಾಲ್ ಅದು. ಕೋಚ್ ಜಿಮ್ ಜೋನ್ಸ್ ಬುನಾದಿ ಪಾಠಗಳ ಮನುಷ್ಯ. ಬೆಳಗ್ಗೆ ಶಾಲೆ ಶುರುವಾಗುವ ಮೊದಲೇ ಹುಡುಗರು ಬಂದು ಫ್ರೀ ಥ್ರೋ ಹಾಕಬೇಕು. ಬರ್ಡ್ ತಪ್ಪದೆ ಬರುತ್ತಿದ್ದ. ಅವನ ಗೆಳೆಯನೊಬ್ಬ ನಿದ್ದೆ ಬಿಟ್ಟು ಬರುತ್ತಿರಲಿಲ್ಲ. ಟೂರ್ನಮೆಂಟಿನ ಮುಖ್ಯ ಪಂದ್ಯದಲ್ಲಿ, ಕೊನೆಯ ಗಳಿಗೆಯಲ್ಲಿ, ಅದೇ ಗೆಳೆಯ ಫ್ರೀ ಥ್ರೋ ಲೈನಿಗೆ ಬಂದ. ಹಾಕಿದ್ದು ಹೋಗಲಿಲ್ಲ, ತಂಡ ಸೋತಿತು. ಬರ್ಡ್ ಅವನಿಗೆ ಒಂದು ಮಾತೂ ಅನ್ನಲಿಲ್ಲವಂತೆ. ಸುಮ್ಮನೆ ಒಮ್ಮೆ ನೋಡಿದನಂತೆ. ಎನ್‌ಬಿಎಯಲ್ಲಿ ಬರ್ಡ್ ಹಾಕಿದ ಫ್ರೀ ಥ್ರೋಗಳಲ್ಲಿ ಶೇಕಡಾ 88ಕ್ಕೂ ಜಾಸ್ತಿ ಬುಟ್ಟಿಗೆ ಬಿದ್ದಿವೆ. ಆ ಲೆಕ್ಕದ ಹಿಂದೆ ಈ ಊರಿನ ಬೆಳಗಿನ ಚಳಿ ಇದೆ.

ಅಕ್ಕ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಕಪ್ ಕೆಳಗಿಟ್ಟು, "ಕಸದ ಲಾರಿ ವಿಷಯ ಹೇಳಿದ್ರಾ ಇವಳಿಗೆ?" ಅಂತ ಕೇಳಿದರು.

ಬ್ಲೂಮಿಂಗ್ಟನ್ ಬಿಟ್ಟುಬಂದ ಬರ್ಡ್ ಹತ್ತಿರದ ಒಂದು ಸಣ್ಣ ಕಾಲೇಜು ಸೇರಿ ಅದನ್ನೂ ಬಿಟ್ಟ. ನಂತರ ಸೇರಿದ್ದು ಊರಿನ ಸ್ಟ್ರೀಟ್ ಡಿಪಾರ್ಟ್‌ಮೆಂಟಿಗೆ. ಕಸ ಎತ್ತುವುದು, ಹುಲ್ಲು ಕತ್ತರಿಸುವುದು, ಹಿಮ ಬಿದ್ದರೆ ರಸ್ತೆ ಬಿಡಿಸುವುದು. ವರ್ಷದ ಹಿಂದೆ ಯಾರಿಗಾಗಿ ಊರಿಗೆ ಊರೇ ಜಿಮ್ಮಿನಲ್ಲಿ ಸೇರುತ್ತಿತ್ತೋ ಅದೇ ಹುಡುಗ ಲಾರಿ ಹಿಂದೆ ನಿಂತು ಬೀದಿ ಬೀದಿ ಬರುತ್ತಿದ್ದ. "ನಮ್ಮಮ್ಮ ಕಿಟಕಿಯಿಂದ ನೋಡಿ, ಅಯ್ಯೋ ಪಾಪ, ಹುಡುಗ ಕೈಗೆ ಬಂದದ್ದನ್ನು ಕಳಕೊಂಡ ಅಂತಿದ್ದರು" ಅಂದರು ಅಕ್ಕ. "ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅವನ ಮುಖ ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ಅವನಿಗೆ ಅದರಲ್ಲಿ ಅವಮಾನವೇ ಕಾಣಲಿಲ್ಲ."

ಬರ್ಡ್ ಮುಂದೆ ಕೋಟಿಗಟ್ಟಲೆ ಗಳಿಸಿದ ಮೇಲೂ ಅದನ್ನೇ ಹೇಳಿದ್ದಾನೆ. ಆ ಕೆಲಸ ಅವನಿಗೆ ಇಷ್ಟವಾಗಿತ್ತು. ಬಯಲಲ್ಲಿ ಗೆಳೆಯರ ಜೊತೆ ಇರಬಹುದಿತ್ತು, ಊರು ಚೊಕ್ಕಟವಾಗುವುದು ಕಣ್ಣಿಗೆ ಕಾಣುತ್ತಿತ್ತು. ನಮ್ಮಲ್ಲಿ ಕಸ ಎತ್ತುವವರ ಕಡೆ ನಾವು ನೋಡುವ ರೀತಿ ನೆನಪಾಗಿ ನನಗೆ ಸಂಕಟವಾಯಿತು.

ಆ ಚಳಿಗಾಲದಲ್ಲೇ, 1975ರ ಫೆಬ್ರವರಿಯಲ್ಲಿ, ಅಪ್ಪ ಜೋ ತಮ್ಮ ಜೀವ ತಾವೇ ತೆಗೆದುಕೊಂಡರು. ಬರ್ಡ್‌ಗೆ ಹದಿನೆಂಟು. ಇದರ ಬಗ್ಗೆ ಆ ಮೇಜಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಅಕ್ಕ ಹೇಳಿದ್ದು ಅಪ್ಪನ ಬೂಟಿನ ಕಥೆಯನ್ನು ಮಾತ್ರ. ಒಂದು ದಿನ ಜೋ ಕಾಲು ಊದಿ ಕಪ್ಪಿಟ್ಟು ಕೆಲಸದಿಂದ ಬಂದರಂತೆ. ಮಕ್ಕಳೇ ಸೇರಿ ಬೂಟು ಬಿಚ್ಚಬೇಕಾಯಿತು. ಮರುದಿನ ಬೆಳಗ್ಗೆ ಅದೇ ಕಾಲನ್ನು ಬೂಟಿಗೆ ತೂರಿಸಿಕೊಂಡು ಕೆಲಸಕ್ಕೆ ಹೊರಟರಂತೆ. ಬರ್ಡ್ ಇದನ್ನು ತಾನೇ ಹೇಳಿಕೊಂಡಿದ್ದಾನೆ. ನೋವಿನಲ್ಲೂ ಅವನು ಆಡುತ್ತಿದ್ದದ್ದು ಏಕೆ ಅಂತ ಕೇಳುವವರು ಈ ಕಥೆ ಕೇಳಬೇಕು.

ಮುಂದಿನದು ಎಲ್ಲರಿಗೂ ಗೊತ್ತು. ಟೆರೆ ಹಾಟ್‌ನ ಇಂಡಿಯಾನಾ ಸ್ಟೇಟ್ ಯೂನಿವರ್ಸಿಟಿಯ ಸಹಾಯಕ ಕೋಚ್ ಬಿಲ್ ಹಾಜಸ್ ಅವನನ್ನು ಹುಡುಕಿಕೊಂಡು ಬಂದರು. ಅಮ್ಮ ಮೊದಲು ಬಾಗಿಲಲ್ಲೇ ವಾಪಸ್ ಕಳಿಸಿದ್ದರು. ಹಾಜಸ್ ಬಿಡಲಿಲ್ಲ. ಬಟ್ಟೆ ಒಗೆಯುವ ಲಾಂಡ್ರಿಯ ಹತ್ತಿರ ಅಜ್ಜಿಯ ಜೊತೆ ಬರ್ಡ್ ಸಿಕ್ಕ. ಅಲ್ಲಿಂದ 1979ರ ಮಾರ್ಚ್ 26ರವರೆಗೆ. ಸಾಲ್ಟ್ ಲೇಕ್ ಸಿಟಿಯಲ್ಲಿ ಎನ್‌ಸಿಎಎ (ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಮೆಂಟ್) ಫೈನಲ್, ಆವರೆಗೆ 33 ಪಂದ್ಯ ಗೆದ್ದು ಒಂದೂ ಸೋಲದ ಬರ್ಡ್‌ನ ತಂಡ, ಎದುರಿಗೆ ಮ್ಯಾಜಿಕ್ ಜಾನ್ಸನ್‌ನ ಮಿಷಿಗನ್ ಸ್ಟೇಟ್. 75–64ರಲ್ಲಿ ಸೋಲು. ಬೆಂಚಿನಲ್ಲಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತ ಬರ್ಡ್‌ನನ್ನು ಟಿವಿಯಲ್ಲಿ ನೋಡಿ ಇಡೀ ಫ್ರೆಂಚ್ ಲಿಕ್ ಅತ್ತಿತು ಅಂದರು ನನ್ನ ಗೆಳೆಯರು. ಹೇಳುವಾಗ ಈಗಲೂ ಅವರ ದನಿ ನಡುಗಿತು.

ಅದೇ ಮ್ಯಾಜಿಕ್ 1985ರಲ್ಲಿ ಶೂ ಜಾಹೀರಾತಿನ ಶೂಟಿಂಗಿಗೆ ಇಲ್ಲಿಗೇ ಬಂದ. ಎನ್‌ಬಿಎಯಲ್ಲಿ ಎದುರಾಳಿ ತಂಡಗಳಲ್ಲಿದ್ದ ಇಬ್ಬರಿಗೂ ಮಾತುಕತೆಯೇ ಅಷ್ಟಕ್ಕಷ್ಟೆ ಇದ್ದ ಕಾಲ. ಮಧ್ಯಾಹ್ನ ಜಾರ್ಜಿಯಾ ಇಬ್ಬರನ್ನೂ ಮನೆಗೆ ಕರೆದು ಊಟ ಹಾಕಿದರು. ಮ್ಯಾಜಿಕ್‌ನನ್ನು ಬಾಗಿಲಲ್ಲೇ ಅಪ್ಪಿಕೊಂಡರು. ಆ ಊಟದ ಮೇಜಿನಲ್ಲಿ ಶುರುವಾದ ಸ್ನೇಹ ಇವತ್ತಿಗೂ ಇದೆ.

ಅದೇ ಬೇಸಿಗೆಯಲ್ಲಿ ಬರ್ಡ್ ತನ್ನ ಬೆನ್ನನ್ನೂ ಕಳೆದುಕೊಂಡ. ಅಮ್ಮನ ಮನೆಗೆ ಕಾರು ಬರುವ ದಾರಿ ಮಾಡಲು ತಾನೇ ಸಲಿಕೆ ಹಿಡಿದು ಜಲ್ಲಿ ಎತ್ತಿ ಹಾಕಿದ. ಆಗಲೇ ಆತ ಜಗತ್ತಿನ ಅತ್ಯುತ್ತಮ ಆಟಗಾರ. ಬೆನ್ನು ಹಿಡಿದುಕೊಂಡಿತು, ಕೊನೆಗೂ ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ಪಂದ್ಯದ ನಡುವೆ ಬೆಂಚಿನಲ್ಲಿ ಕೂರಲಾಗದೆ ನೆಲದ ಮೇಲೆ ಬೋರಲು ಮಲಗುತ್ತಿದ್ದ. 1992ರ ಒಲಿಂಪಿಕ್ ಚಿನ್ನದ ನಂತರ ನಿವೃತ್ತಿ. "ನಾಲ್ಕು ಜನ ಆಳು ಇಡಬಹುದಿತ್ತಲ್ಲ" ಅಂದೆ ನಾನು. ಅಕ್ಕ ನಕ್ಕರು. "ಅಮ್ಮನ ಮನೆ ಕೆಲಸ ಅದು. ಆಳು ಇಡ್ತಾರಾ?"

ಜಿ. ಆರ್. ವಿಶ್ವನಾಥ್ ಬಗ್ಗೆ ನಮ್ಮ ಭದ್ರಾವತಿಯ ಹಿರಿಯರು ಮಾತಾಡುವುದೂ ಹೀಗೆಯೇ. ಸೆಂಚುರಿಗಳ ಲೆಕ್ಕ ಆಮೇಲೆ. 1980ರ ಜ್ಯೂಬಿಲಿ ಟೆಸ್ಟಿನಲ್ಲಿ ಔಟ್ ಎಂದು ಹೊರಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ನನ್ನು ವಾಪಸ್ ಕರೆದ ಕಥೆ ಮೊದಲು.

ವಾಪಸ್ ಬರುವಾಗ ಪಾಓಲಿ ದಾಟಿದ ಮೇಲೆ ನಮ್ಮಿಬ್ಬರಿಗೆ ವಾದ ಹತ್ತಿತು. ಬರ್ಡ್ ಬ್ಲೂಮಿಂಗ್ಟನ್ನಿನಲ್ಲೇ ಉಳಿದಿದ್ದರೆ? 1976ರಲ್ಲಿ ನೈಟ್ ತಂಡ 32 ಪಂದ್ಯಗಳಲ್ಲಿ ಒಂದೂ ಸೋಲದೆ ಪಟ್ಟ ಗೆದ್ದಿತು. ಅದರಲ್ಲಿ ಬರ್ಡ್ ಇರುತ್ತಿದ್ದ, ಕಾಲೇಜು ಪಟ್ಟವೂ ಅವನದಾಗುತ್ತಿತ್ತು ಅನ್ನುವುದು ಅವರ ವಾದ. ಆ ಹುಡುಗನಿಗೆ ತಾನು ಇನ್ನಷ್ಟು ನೆರವಾಗಬೇಕಿತ್ತು ಅಂತ ನೈಟ್ ಕೂಡ ಮುಂದೆ ಹೇಳಿದ್ದಾರೆ, ನಿಜ. ಆದರೂ ನಾನು ಒಪ್ಪಲಿಲ್ಲ. ಅಪ್ಪ ಹೋದ ಆ ಫೆಬ್ರವರಿಯಲ್ಲಿ ಅವನು ಊರಿನಲ್ಲಿದ್ದ, ಅಮ್ಮನ ಹತ್ತಿರವೇ ಇದ್ದ. ಒಂದು ಪಟ್ಟಕ್ಕಾಗಿ ಅದನ್ನು ಬಿಟ್ಟುಕೊಡು ಅಂತ ನಾನಾದರೆ ಯಾವ ಹುಡುಗನಿಗೂ ಹೇಳುವುದಿಲ್ಲ. ಬೆಡ್‌ಫರ್ಡ್ ಬಂದರೂ ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ.