ಒಣಗುವ ಶ್ರೀಗಂಧ: ಸ್ಪೈಕ್ ಯಾವುದು, ಕೊರಕ ಯಾವುದು, ಹಸಿವು ಯಾವುದು

ಶ್ರೀಗಂಧದ ಮರಗಳು ಒಣಗುತ್ತಿರುವುದು ಸ್ಪೈಕ್ ರೋಗದಿಂದಲೋ, ಕಾಂಡ ಕೊರೆಯುವ ಹುಳುವಿನಿಂದಲೋ, ಆಸರೆಯ ಗಿಡ ತಪ್ಪಿದ ಹಸಿವಿನಿಂದಲೋ ಎಂದು ಬೇರ್ಪಡಿಸುವ ಕೆಲಸ ಎಲ್ಲಿಗೆ ಬಂದಿದೆ ಎಂಬ ಟಿಪ್ಪಣಿ ಇದು.

ಮರ ಗುರುತಿಸುವ ಕೆಲಸ: ಮುಗಿದಿದೆ. ಪ್ರತಿ ಮರಕ್ಕೂ ನಂಬರಿನ ಬಿಲ್ಲೆ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ, ನೆತ್ತಿ ಒಣಗಿದ್ದಕ್ಕೆ 0ಯಿಂದ 4ರವರೆಗೆ ಅಂಕ. ಬಿಲ್ಲೆಗೆ ಮೊಳೆ ಹೊಡೆದಿಲ್ಲ, ಸಡಿಲವಾಗಿ ತಂತಿ ಸುತ್ತಿದೆ. ಗಾಯದ ಗುರುತನ್ನೇ ಹುಡುಕುವ ಕೆಲಸದಲ್ಲಿ ಹೊಸ ಗಾಯ ಮಾಡುವುದು ಬೇಡ.

ಕಣ್ಣಳತೆಯ ವಿಂಗಡಣೆ: ಇದರಲ್ಲೇ ಹೆಚ್ಚು ಹೊತ್ತು ಹೋಗುತ್ತಿದೆ. ಗಂಧ ಒಣಗಿತೆಂದರೆ ಎಲ್ಲರ ಬಾಯಲ್ಲೂ ಸ್ಪೈಕ್ ರೋಗವೇ. ಆದರೆ ಗಂಧ ಅರೆ ಪರಾವಲಂಬಿ ಮರ. ಪಕ್ಕದ ತೊಗರಿ ಕಿತ್ತರೆ, ಸರ್ವೆಯೋ ಹೊಂಗೆಯೋ ಕಡಿದರೆ, ಅವುಗಳ ಬೇರಿಗೆ ಕಚ್ಚಿಕೊಂಡಿದ್ದ ಹೀರುಬೇರುಗಳಿಗೆ ಆಧಾರ ತಪ್ಪುತ್ತದೆ. ಆಗ ಎಲೆ ಹಳದಿಯಾಗಿ ಉದುರುತ್ತದೆ, ಆದರೆ ಗೆಣ್ಣುಗಳ ನಡುವಿನ ಅಂತರ ಕುಗ್ಗುವುದಿಲ್ಲ. ಸ್ಪೈಕ್‌ನಲ್ಲಿ ಹೊಸ ಎಲೆಗಳು ಚಿಕ್ಕದಾಗುತ್ತಾ ಬಂದು, ಬಿರುಸಾಗಿ ಕೊಂಬೆಯಿಂದ ಹೊರಕ್ಕೆ ಚಾಚಿ ನಿಲ್ಲುತ್ತವೆ. ಗೆಣ್ಣುಗಳು ಒತ್ತೊತ್ತಾಗುತ್ತವೆ, ಹೂ ಕಾಯಿ ನಿಲ್ಲುತ್ತದೆ. ಕೊಡಗಿನಲ್ಲಿ 1899ರಲ್ಲಿ ಮೊದಲು ವರದಿಯಾದ ಈ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ, ಅಂದರೆ ಗಿಡದ ಆಹಾರನಾಳಗಳಲ್ಲಿ ಬದುಕುವ, ಕೋಶಗೋಡೆಯಿಲ್ಲದ ಬ್ಯಾಕ್ಟೀರಿಯಾ. ಶುರುವಿನಲ್ಲಿ ಒಂದೇ ಕೊಂಬೆಯಲ್ಲಿ ಕಾಣಬಹುದು. ಹಾಗಾಗಿ ಮರದ ಸುತ್ತ ಒಂದು ಸುತ್ತು ಬಂದು, ದುರ್ಬೀನಿನಲ್ಲಿ ನೆತ್ತಿ ನೋಡದೆ ಅಂಕ ಬರೆಯುವಂತಿಲ್ಲ. ಕೊರಕ ಬಿದ್ದ ಕೊಂಬೆಯಲ್ಲಾದರೆ ಎಲೆಯ ಅಳತೆ ಮಾಮೂಲಿನದೇ, ತೂತಿನಿಂದ ಮೇಲಿನ ಭಾಗವಷ್ಟೇ ಬಾಡಿರುತ್ತದೆ.

ಡೀನ್ಸ್ ಬಣ್ಣದ ಪರೀಕ್ಷೆ (ಸ್ಪೈಕ್ ಇದೆಯೇ ಎಂದು ಬಣ್ಣ ಹಾಕಿ ನೋಡುವುದು): ನಡೆಯುತ್ತಿದೆ. 100 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿಗೆ ಮೆಥಿಲೀನ್ ಬ್ಲೂ 2.5 ಗ್ರಾಂ, ಅಜೂರ್ II 1.25 ಗ್ರಾಂ, ಮಾಲ್ಟೋಸ್ 10 ಗ್ರಾಂ, ಸೋಡಿಯಂ ಕಾರ್ಬೊನೇಟ್ 0.25 ಗ್ರಾಂ. ಸೋಸಿ ಇಟ್ಟ ಈ ದ್ರಾವಣದ 0.2 ಮಿಲಿಲೀಟರನ್ನು ಮತ್ತೆ 100 ಮಿಲಿಲೀಟರ್ ನೀರಿಗೆ ಬೆರೆಸಬೇಕು. ಎಳೆ ಕಾಂಡವನ್ನು ಹೊಸ ಬ್ಲೇಡಿನಲ್ಲಿ ಅಡ್ಡಕ್ಕೆ ತೆಳುವಾಗಿ ಸೀಳಿ, 10 ನಿಮಿಷ ಅದ್ದಿ, ತೊಳೆದು ನೋಡುವುದು. ರೋಗವಿದ್ದರೆ ಫ್ಲೋಯಂ, ಅಂದರೆ ಆಹಾರ ಸಾಗಿಸುವ ಭಾಗ ನೀಲಿಯಾಗುತ್ತದೆ, ಆರೋಗ್ಯದ ಮರದಲ್ಲಿ ಬಣ್ಣ ಹಿಡಿಯುವುದಿಲ್ಲ. ಎಡವುವುದು ಎರಡು ಕಡೆ. ನೀರು ಸಾಗಿಸುವ ಕ್ಸೈಲಂ ಹೇಗಿದ್ದರೂ ನೀಲಿ ಹಸಿರಾಗುತ್ತದೆ, ಅದನ್ನೇ ರೋಗವೆಂದು ಬರೆದುಬಿಡುತ್ತಾರೆ. ಸೀಳು ದಪ್ಪವಾದರೆ ಎಲ್ಲವೂ ನೀಲಿಯೇ. ಒಟ್ಟಿಗೆ ಬಣ್ಣ ಹಾಕುವ ಪ್ರತಿ ಕಂತಿನ ಸೀಳುಗಳ ಜೊತೆ ಖಚಿತವಾಗಿ ಆರೋಗ್ಯವಾಗಿರುವ ಮರದ ಒಂದು ಸೀಳು ಇರಲೇಬೇಕು.

ಬಣ್ಣ ಬರೀ ಸುಳಿವು. ಖಾತ್ರಿಗೆ ಎರಡು ಸುತ್ತಿನ ಪಿಸಿಆರ್, ಅಂದರೆ ರೋಗಾಣುವಿನ ಡಿಎನ್ಎ ತುಣುಕನ್ನು ಲೆಕ್ಕವಿಲ್ಲದಷ್ಟು ನಕಲು ಮಾಡಿ ಪತ್ತೆ ಹಚ್ಚುವ ಪರೀಕ್ಷೆ. ನಕಲು ಶುರುಮಾಡುವ ಪ್ರೈಮರ್ ಜೋಡಿಗಳು: ಮೊದಲು ಪಿ1/ಪಿ7, ಆಮೇಲೆ ಆರ್16ಎಫ್2ಎನ್/ಆರ್16ಆರ್2. ಡಿಎನ್ಎ ತೆಗೆಯಲು ಎಲೆಯ ನಡುನರ ಮತ್ತು ತೊಟ್ಟು ಸಾಕು, ಅಗಲದ ಭಾಗ ಸೇರಿಸಿದರೆ ಮರದ ಡಿಎನ್ಎಯೇ ತುಂಬಿಕೊಳ್ಳುತ್ತದೆ. ಫೈಟೋಪ್ಲಾಸ್ಮಾ ಮರದೊಳಗೆ ಸಮನಾಗಿ ಹರಡಿರುವುದಿಲ್ಲ, ಆದ್ದರಿಂದ ಒಂದೇ ಕೊಂಬೆಯ ಮಾದರಿಯಲ್ಲಿ ‘ಇಲ್ಲ’ ಬಂದರೆ ಅದನ್ನು ಉತ್ತರವೆಂದು ಒಪ್ಪುತ್ತಿಲ್ಲ.

ಕಾಂಡಕೊರಕ: ಹಿಕ್ಕೆ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಬುಡದಲ್ಲಿ ಗುಳಿಗೆಯಂತೆ ಉರುಳೆ ಹಿಕ್ಕೆ ಬಿದ್ದಿದ್ದರೆ ಕೆಂಪು ಕೊರಕ, ಅಂದರೆ ಜೂಜೆರಾ ಕಾಫಿಯೆ ಪತಂಗದ ಮರಿ. ನಾರುನಾರಾದ ಹೊಟ್ಟು ಇದ್ದರೆ ಉದ್ದ ಮೀಸೆಯ ದುಂಬಿಯ ಮರಿಯೆಂದು ಅನುಮಾನಿಸಬೇಕು. ಹಳೆಯದೋ ಹೊಸದೋ ತಿಳಿಯಲು ಬುಡ ಗುಡಿಸಿ ಬಂದು, ಏಳು ದಿನ ಬಿಟ್ಟು ಮತ್ತೆ ನೋಡಲಾಗುತ್ತಿದೆ. ಹೊಸ ಹಿಕ್ಕೆ ಬಿದ್ದ ತೂತಿಗೆ ಸೈಕಲ್ ಕಡ್ಡಿ ತೂರಿಸಿ ಮರಿಯನ್ನು ಚುಚ್ಚಿ, ಜೇಡಿಮಣ್ಣಿನಿಂದ ಮುಚ್ಚುವುದು. ಹತ್ತಿಯಲ್ಲಿ ಡೈಕ್ಲೋರ್ವಾಸ್ ಅದ್ದಿ ತುರುಕಿ ಎನ್ನುವ ಹಳೆಯ ಕರಪತ್ರಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಆ ಔಷಧಿಗೆ ದೇಶದಲ್ಲಿ 2020ರ ಕೊನೆಯಿಂದಲೇ ನಿಷೇಧವಿದೆ.

ದುಂಬಿಯ ಜಾತಿ ಮರಿಯನ್ನು ನೋಡಿ ಹೇಳುವುದು ಕಷ್ಟ. ಅದಕ್ಕೆ ಕೊರಕ ಬಿದ್ದು ಸತ್ತ ಕೊಂಬೆಯ ಅರ್ಧ ಮೀಟರ್ ತುಂಡುಗಳ ಎರಡೂ ತುದಿಗೆ ಮೇಣ ಹಚ್ಚಿ ಬಲೆಪೆಟ್ಟಿಗೆಯಲ್ಲಿ ಇಟ್ಟಿದೆ. ಮೇಣ ಬಿಟ್ಟರೆ ತುಂಡು ಬೇಗ ಒಣಗಿ ಮರಿ ಸಾಯುತ್ತದೆ, ನೀರು ಹೆಚ್ಚು ಚಿಮುಕಿಸಿದರೆ ಬೂಸ್ಟು. ಇಡೀ ಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು, ಗರಗಸ ಆಮೇಲೆ.

ಬಾಕಿ ಇರುವುದು: ಸ್ಪೈಕ್ ಹರಡುತ್ತವೆ ಎಂಬ ಅನುಮಾನವಿರುವ, ಗಿಡದ ರಸ ಹೀರುವ ಜಿಗಿಹುಳುಗಳ ಸಂಗ್ರಹ. ಹಳದಿ ಅಂಟುಹಾಳೆಗೆ ಸಿಕ್ಕಿದ್ದು ಎಣಿಕೆಗೆ ಸರಿ, ಡಿಎನ್ಎಗೆ ಅಷ್ಟಾಗಿ ಒದಗದು. ಬಲೆಯಲ್ಲಿ ಹಿಡಿದದ್ದನ್ನು ನೇರವಾಗಿ 95 ಶೇಕಡಾ ಆಲ್ಕೋಹಾಲಿಗೆ ಹಾಕಿ, ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಶೀಶೆಯೊಳಗೇ ಇಡಬೇಕು. ಪೆನ್ನಿನ ಶಾಯಿ ಅದರಲ್ಲಿ ಕರಗಿಹೋಗುತ್ತದೆ. ಹುಳುವಿನಲ್ಲಿ ಫೈಟೋಪ್ಲಾಸ್ಮಾ ಸಿಕ್ಕಿತೆಂದ ಮಾತ್ರಕ್ಕೆ ಆ ಹುಳುವೇ ರೋಗ ಹರಡಿತು ಎನ್ನಲಾಗದು, ಅದು ರೋಗದ ಮರದ ರಸ ಕುಡಿದಿದೆ ಎಂದಷ್ಟೇ. ಜಾಲರಿಯೊಳಗಿನ ಆರೋಗ್ಯದ ಸಸಿಗಳ ಮೇಲೆ ಅದೇ ಹುಳು ಬಿಟ್ಟು ನೋಡುವ ಹಂತಕ್ಕೆ ಸಸಿಗಳನ್ನು ಈಗ ತೊಗರಿಯ ಜೊತೆ ಕುಂಡದಲ್ಲಿ ಬೆಳೆಸಲಾಗುತ್ತಿದೆ.